ಕಣ್ಣು ಬಿಟ್ಟ ಫೋಟೋ

ಒಂದು ಕಾಲದಲ್ಲಿ ನನ್ನ ಹತ್ತಿರ ಒಂಬತ್ತು ಡಬ್ಬಿ ಕ್ಯಾಮೆರಾಗಳಿದ್ದವು. ಆಗ ನಾನು ಸಿಕ್ಕಿದವರಿಗೆಲ್ಲ ಅದನ್ನು ಹೇಳುತ್ತಿದ್ದೆ, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಈಗ ಯಾರಾದರೂ ತಾವಾಗಿ ಕೇಳಿದರೆ ನನಗೇ ಮಾತು ಬದಲಾಯಿಸೋಣ ಅನ್ನಿಸುತ್ತದೆ.

ಡಬ್ಬಿ ಕ್ಯಾಮೆರಾ ಎಂದರೆ ನಿಜವಾಗಿಯೂ ಡಬ್ಬಿಯೇ. ಕಪ್ಪು ಬಣ್ಣದ ಚೌಕ ಪೆಟ್ಟಿಗೆ, ಮುಂದೆ ಒಂದು ಗಾಜು, ಪಕ್ಕದಲ್ಲಿ ರೀಲು ತಿರುಗಿಸುವ ಕೀಲಿ, ಇನ್ನೊಂದು ತಗಡಿನ ಕಡ್ಡಿ. ಕಡ್ಡಿ ಒತ್ತಿದರೆ ಟಕ್ ಅನ್ನುತ್ತದೆ, ಫೋಟೋ ಆಯಿತು. ಹತ್ತಿರ ದೂರ ಹೊಂದಿಸುವುದಕ್ಕಿಲ್ಲ, ಬೆಳಕು ಹೆಚ್ಚುಕಡಿಮೆ ಮಾಡುವುದಕ್ಕಿಲ್ಲ. ಮೇಲ್ಗಡೆ ಹೆಬ್ಬೆರಳಿನ ಉಗುರಿನಷ್ಟು ಒಂದು ಗಾಜಿನ ಕಿಂಡಿ ಇರುತ್ತದೆ. ಡಬ್ಬಿಯನ್ನು ಹೊಟ್ಟೆಗೆ ಆನಿಸಿಕೊಂಡು, ತಲೆ ಬಗ್ಗಿಸಿ ಅದರೊಳಗೆ ನೋಡಬೇಕು. ಎದುರಿಗಿರುವ ಮನುಷ್ಯ ಅದರಲ್ಲಿ ಇರುವೆಗಿಂತ ಸ್ವಲ್ಪ ದೊಡ್ಡದಾಗಿ, ಎಡಬಲ ಅದಲುಬದಲಾಗಿ ಕಾಣುತ್ತಾನೆ. ಒಂದು ರೀಲಿಗೆ ಎಂಟೇ ಫೋಟೋ. ಇಷ್ಟೆಲ್ಲ ಅನಾನುಕೂಲ ಇದ್ದುದರಿಂದಲೇ ನಾನು ಅದನ್ನು ಕಲೆ ಎಂದು ಕರೆಯುತ್ತಿದ್ದೆ.

ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರಿಗೆ ಎಷ್ಟು ಮರ್ಯಾದೆ ಎಂದರೆ, ಗಣಿತದವರಿಗೆ ಪೋರ್ಷನ್ ಮುಗಿಯದಿದ್ದರೆ ಮೊದಲು ಕಸಿದುಕೊಳ್ಳುವುದು ನಮ್ಮ ಪೀರಿಯಡ್ಡನ್ನೇ. ಹಾಗೆ ಕಸಿಸಿಕೊಂಡು ಸ್ಟಾಫ್ ರೂಮಿನಲ್ಲಿ ಕೂತ ಮನುಷ್ಯನಿಗೆ ತಾನೊಬ್ಬ ಕಲಾವಿದ ಎಂದು ಬೇರೆಲ್ಲಾದರೂ ತೋರಿಸಿಕೊಳ್ಳಬೇಕಾಗುತ್ತದೆ. ತೊಂಬತ್ತರ ದಶಕದ ಶುರುವಿನಲ್ಲಿ ಹಾರನಹಳ್ಳಿಯ ಒಂದು ಮನೆಯ ಅಟ್ಟದಲ್ಲಿ ನನಗೆ ಮೊದಲನೆಯ ಡಬ್ಬಿ ಸಿಕ್ಕಿತು. ಮನೆಯವರು ಅದರೊಳಗೆ ಅಂಗಿಗುಂಡಿ, ಸೇಫ್ಟಿ ಪಿನ್ನು ಮತ್ತು ಯಾರದ್ದೋ ಒಂದು ಹಲ್ಲಿನ ಸೆಟ್ಟು ಇಟ್ಟಿದ್ದರು. ಸೆಟ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೊಟ್ಟರು.

ಆಮೇಲೆ ಹುಚ್ಚು ಹಿಡಿಯಿತು. ಭಾನುವಾರ ಬಂದರೆ ಜಾವಗಲ್ಲು, ಗೆಂಡೆಹಳ್ಳಿ, ಎಲ್ಲಿ ಹಳೇ ಮನೆ ಇದೆಯೋ ಅಲ್ಲಿಗೆ ಬಸ್ಸು ಹತ್ತುತ್ತಿದ್ದೆ. ಹೋದ ಮನೆಯಲ್ಲೆಲ್ಲ ಒಂದೇ ಕತೆ: "ಇದು ನಮ್ಮ ತಾತಂಗೆ ಒಬ್ಬ ದೊರೆ ಖುಷಿಯಾಗಿ ಕೊಟ್ಟಿದ್ದು ಸಾರ್." ಆ ಪ್ರಕಾರ ನೋಡಿದರೆ ಬ್ರಿಟಿಷರು ನಮ್ಮ ಕಡೆಗೆ ಬಂದದ್ದು ಆಳುವುದಕ್ಕಲ್ಲ, ಕ್ಯಾಮೆರಾ ಹಂಚುವುದಕ್ಕೆ. ಗೆಂಡೆಹಳ್ಳಿಯಲ್ಲಿ ಒಂದು ಡಬ್ಬಿಯನ್ನು ಕೋತಿ ಹೆದರಿಸಲು ಕಿಟಕಿಯಲ್ಲಿ ಇಟ್ಟಿದ್ದರು. ಕೋತಿಗಳು ಹೆದರುತ್ತಿದ್ದವೋ ಇಲ್ಲವೋ, ನಾನು ಕೇಳಿದ ತಕ್ಷಣ ಅದು ಆ ಮನೆಯ ಬಹಳ ಮುಖ್ಯವಾದ ವಸ್ತುವಾಗಿಬಿಟ್ಟಿತು. ಮೂರು ಸಲ ಅಲೆಸಿ ಕೊಟ್ಟರು.

ಡಬ್ಬಿಗಳನ್ನು ಸುಮ್ಮನೆ ಬೀರುವಿನಲ್ಲಿಟ್ಟು ನೋಡುವವನು ನಾನಲ್ಲ. ರೀಲು ಹಾಕಿ ಹಳೇಬೀಡಿಗೋ ಬೇಲೂರಿಗೋ ಹೊರಡುತ್ತಿದ್ದೆ. ಹಳೇಬೀಡಿನ ಗುಡಿಯ ಗೋಡೆಯ ಮುಂದೆ ನಾನು ತಲೆ ಬಗ್ಗಿಸಿ ನಿಂತರೆ ಮೋಡ ಸರಿಯುವ ತನಕ ಅಲ್ಲಾಡುತ್ತಿರಲಿಲ್ಲ. ಒಂದು ದಿನ ಗೈಡೊಬ್ಬ ತನ್ನ ವಿದೇಶೀ ಗುಂಪಿಗೆ ನನ್ನ ಕಡೆ ಕೈ ತೋರಿಸಿ, ಇಲ್ಲಿನ ಭಕ್ತರು ಹೀಗೆ ಗಂಟೆಗಟ್ಟಲೆ ಧ್ಯಾನದಲ್ಲಿ ನಿಲ್ಲುತ್ತಾರೆ ಎಂದು ವಿವರಿಸಿದ. ಅವರೆಲ್ಲ ಮೆಲ್ಲಗೆ ಹತ್ತಿರ ಬಂದು ನನ್ನ ಫೋಟೋ ತೆಗೆದುಕೊಂಡರು. ನಾನು ತಲೆ ಎತ್ತಲಿಲ್ಲ. ಎತ್ತಿದರೆ ಗೈಡನ ಮಾನ ಹೋಗುತ್ತಿತ್ತು, ನನ್ನ ಫ್ರೇಮೂ ಹಾಳಾಗುತ್ತಿತ್ತು.

ನನ್ನ ಹೆಂಡತಿಗೆ ಈ ಡಬ್ಬಿಗಳ ಮೇಲೆ ದ್ವೇಷವೇನೂ ಇರಲಿಲ್ಲ. ಅವಳ ಪ್ರಕಾರ ಅವೂ ಮನೆಯ ಸಾಮಾನು, ಸಾಮಾನಿಗೆ ಆಗಬೇಕಾದದ್ದು ಆಗಬೇಕು. ಹಾಗಾಗಿ ಆಯುಧಪೂಜೆಯ ದಿನ ನಾನು ಸ್ಕೂಲಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ಸ್ಕೂಟರು, ಹೊಲಿಗೆ ಮಿಷನ್ನು, ಈಳಿಗೆಮಣೆಯ ಜೊತೆಗೆ ಒಂಬತ್ತು ಡಬ್ಬಿಗಳನ್ನೂ ನಲ್ಲಿಯ ಕೆಳಗೆ ತೊಳೆದು, ಸಾಲಾಗಿ ಕೂರಿಸಿ, ಮೂರು ಬೆರಳಿನಲ್ಲಿ ಅಡ್ಡಕ್ಕೆ ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ತಲೆಗೊಂದು ಸೇವಂತಿಗೆ ಏರಿಸಿದ್ದಳು. ವಿಭೂತಿ ಲೆನ್ಸಿನ ಮೇಲೂ ಹಾದುಹೋಗಿತ್ತು. ಅವುಗಳಲ್ಲಿ ಒಂದು ರಟ್ಟಿನದ್ದು. ಅದು ನೀರು ಕುಡಿದು ಊದಿಕೊಂಡು, ಮುಚ್ಚಳ ಬಿಟ್ಟುಕೊಂಡು, ಹೂವಿನ ಸಮೇತ ಪಕ್ಕಕ್ಕೆ ವಾಲಿತು. ಒಂಬತ್ತು ಎಂಟಾದವು. ನಾನು ಕೂಗಾಡಿದೆ. "ಹಬ್ಬದ ದಿನ ಬಾಯಿ ಮಾಡ್ಬೇಡಿ. ಪೂಜೆ ಮಾಡಿದ್ದನ್ನ ಒರೆಸೋ ಹಾಗೂ ಇಲ್ಲ," ಎಂದಳು. ಬಹಳ ಚೌಕಾಸಿ ಮಾಡಿದ ಮೇಲೆ ಲೆನ್ಸಿನ ಗಾಜು ಮಾತ್ರ ಒರೆಸಿಕೊಳ್ಳಲು ಅಪ್ಪಣೆ ಸಿಕ್ಕಿತು. ಡಬ್ಬಿಯ ಹಣೆಯ ಮೇಲಿನ ಪಟ್ಟೆ ಹಾಗೇ ಉಳಿಯಿತು.

ಗಾಜನ್ನು ಎಷ್ಟು ಒರೆಸಿದರೂ ಸಂದಿಯಲ್ಲಿ ಸ್ವಲ್ಪ ಬೂದಿ ಉಳಿದಿತ್ತು. ಆಮೇಲೆ ತೆಗೆದ ಹಳೇಬೀಡಿನ ಫೋಟೋಗಳೆಲ್ಲ ಮಸುಕು ಮಸುಕಾಗಿ ಬಂದವು. ವಾರ್ಷಿಕೋತ್ಸವದಲ್ಲಿ ಅವನ್ನು ಗೋಡೆಗೆ ಅಂಟಿಸಿದ್ದೆ. ಹೆಡ್ಮಾಸ್ಟರು ಕನ್ನಡಕ ಏರಿಸಿಕೊಂಡು, "ಏನ್ರೀ ಮೇಷ್ಟ್ರೇ, ಮಂಜು ಎಂಥಾ ಚೆನ್ನಾಗಿ ಹಿಡಿದಿದ್ದೀರಿ! ಬೆಳಗಿನ ಜಾವಕ್ಕೇ ಹೋಗಿದ್ರಾ?" ಎಂದರು. ತೆಗೆದದ್ದು ಮಟಮಟ ಮಧ್ಯಾಹ್ನ. "ಹೌದು ಸಾರ್, ನಾಲ್ಕೂವರೆಗೆ ಎದ್ದಿದ್ದೆ," ಎಂದೆ. ಹೊಗಳಿಕೆ ಎದುರಿಗೆ ಬಂದಾಗ ತಡೆಯುವ ಅಭ್ಯಾಸ ನನಗೆ ಯಾವತ್ತೂ ಇರಲಿಲ್ಲ.

ಇನ್ನು ಅಜ್ಜಿಯ ವಿಷಯ. ಇವರು ನನ್ನ ಹೆಂಡತಿಯ ಅಪ್ಪನ ತಾಯಿ. ನನ್ನ ಮಾವನವರದ್ದು ಅರಸೀಕೆರೆಯಲ್ಲೇ ಕೊಬ್ಬರಿ ವ್ಯಾಪಾರ, ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಮನೆ. ಆ ಮನೆಯ ಹಜಾರದ ಗೋಡೆಯ ತುಂಬ ಹಿರಿಯರ ಫೋಟೋಗಳು. ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೂವಿನಿಂದ ಅಲಂಕರಿಸುತ್ತೇವೆ. ಹಿಂದೆಲ್ಲ ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳಲು ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ, ಹಾಗಾಗಿ ಫೋಟೋದವನನ್ನು ಕರೆಸುತ್ತಿದ್ದದ್ದು ಆ ಅಲಂಕಾರ ಮುಗಿದ ಮೇಲೆಯೇ. ಗೋಡೆಯ ಮೇಲೆ ಸಾಲಾಗಿ ಏಳು ಜನ, ಏಳೂ ಜನ ಕಣ್ಣು ಮುಚ್ಚಿಕೊಂಡಿದ್ದರು. ಮದುವೆಯಾದ ಹೊಸತರಲ್ಲಿ ಆ ಹಜಾರದಲ್ಲಿ ಊಟಕ್ಕೆ ಕೂತರೆ, ಅಳಿಯ ಹೋಳಿಗೆಗೆ ಎಷ್ಟು ತುಪ್ಪ ಹಾಕಿಸಿಕೊಂಡ ಎಂದು ನೋಡುವವರು ಗೋಡೆಯ ಮೇಲಾದರೂ ಯಾರೂ ಇಲ್ಲವಲ್ಲ ಎಂದು ನನಗೆ ಸಮಾಧಾನವಾಗುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿ ನನ್ನನ್ನು ಆ ಗೋಡೆಯ ಹತ್ತಿರ ಕರೆದರು. ಕೊನೆಯಲ್ಲಿದ್ದ ಚಿಕ್ಕ ಕಟ್ಟಿನ ಫೋಟೋ ತೋರಿಸಿ, "ಇದು ನಮ್ಮವ್ವ. ತೌರಿಂದ ತಂದಿದ್ದು," ಎಂದರು. "ಅವಳು ಹೋದಾಗ ನಾನು ಎರಡು ವರ್ಷದ ಕೂಸು. ಕಣ್ಣು ಹೆಂಗಿದ್ವು ಅಂತ ನಂಗೆ ಗೊತ್ತಿಲ್ಲ ಕಣಪ್ಪ. ಕೇಳಾನ ಅಂದ್ರೆ ಕಂಡೋರು ಯಾರೂ ಉಳಿದಿಲ್ಲ. ನೀನು ಅದೇನೋ ಡಬ್ಬೀಲಿ ಫೋಟೋ ಹಿಡೀತೀಯಂತಲ್ಲ, ನಂದೊಂದು ಹಿಡಿ. ಕಣ್ಣು ಬಿಟ್ಟಿರೋದು. ನಾನು ಹೋದ್ಮೇಲೆ ಹುಟ್ಟೋ ಮಕ್ಳಾದ್ರೂ ನೋಡ್ಲಿ."

ಮದುವೆ ಆಲ್ಬಮ್ಮುಗಳನ್ನು ತೆಗೆದು ನೋಡಿದೆವು. ಗಂಡ ಹೋದವಳು ಮುಂದೆ ನಿಲ್ಲಬಾರದೆಂದು ಅಜ್ಜಿ ತಾವಾಗಿಯೇ ಹಿಂದೆ ಸರಿದಿದ್ದರು. ಒಂದರಲ್ಲಿ ಅರ್ಧ ಭುಜ, ಇನ್ನೊಂದರಲ್ಲಿ ಬಿಳೀ ಸೆರಗು ಇತ್ತು ಅಷ್ಟೆ. ಆಗ ಅಜ್ಜಿಗೆ ಎಂಬತ್ತರ ಮೇಲಾಗಿತ್ತು. "ಇದೊಂದು ದೊಡ್ಡ ಕೆಲಸವಾ ಅಜ್ಜಿ? ಈ ಭಾನುವಾರವೇ ತೆಗೀತೀನಿ," ಎಂದು ನಾನು ಎದೆ ಉಬ್ಬಿಸಿ ಹೇಳಿದೆ.

ಭಾನುವಾರ ಹಿತ್ತಲಿನ ಬಿಸಿಲಿನಲ್ಲಿ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿದೆ. ಹತ್ತಡಿ ದೂರ ನಿಂತು, ತಲೆ ಬಗ್ಗಿಸಿ, ಕಿಂಡಿಯೊಳಗೆ ಇರುವೆಯಷ್ಟು ಅಜ್ಜಿಯನ್ನು ಹುಡುಕಿ, ಎಂಟು ಸಲ ಕಡ್ಡಿ ಒತ್ತಿದೆ. ಬುಧವಾರ ಸ್ಟುಡಿಯೋದವರು ರೀಲು ತೊಳೆದು, ಬೆಳಕಿಗೆ ಹಿಡಿದು, "ಸಾರ್, ಎಂಟರಲ್ಲೂ ಅಜ್ಜಿ ಕೈಮುಗಿದು ಧ್ಯಾನ ಮಾಡ್ತಾ ಇದಾರೆ," ಎಂದರು.

ಅಜ್ಜಿಯನ್ನು ಕೇಳಿದರೆ ಅವರದ್ದೇನೂ ತಪ್ಪಿಲ್ಲ. "ಅಷ್ಟಗಲ ವಿಭೂತಿ ಪಟ್ಟೆ ಹೊಡೆದು, ಕುಂಕುಮ ಇಟ್ಟು ಎದುರಿಗೆ ತಂದು ಹಿಡೀತೀಯ. ಕೈ ಮುಗೀದೆ ಹೆಂಗಪ್ಪಾ ಕೂತ್ಕಳ್ಳದು?" ಅಂದರು. ಒರೆಸಿಬಿಡುತ್ತೇನೆ ಎಂದೆ. ಅಜ್ಜಿ ಮುಖ ಹೇಗೆ ಮಾಡಿದರೆಂದರೆ, ನಾನು ಆ ಮಾತನ್ನು ಮತ್ತೆ ಎತ್ತಲಿಲ್ಲ. ಬೇರೆ ಡಬ್ಬಿ ತರೋಣವೆಂದರೆ ಎಂಟಕ್ಕೂ ನನ್ನ ಹೆಂಡತಿ ಯಾವ ಭೇದಭಾವವನ್ನೂ ಮಾಡಿರಲಿಲ್ಲ.

ಎರಡನೆಯ ರೀಲಿಗೆ ನಾನು ಉಪಾಯ ಮಾಡಿದೆ. ಡಬ್ಬಿಗೆ ಕರೀಬಟ್ಟೆ ಸುತ್ತಿ ಲೆನ್ಸು ಮಾತ್ರ ಕಾಣುವ ಹಾಗೆ ತೂತು ಬಿಟ್ಟೆ. ವಿಭೂತಿ ಮುಚ್ಚಿಹೋಯಿತು. ಅಜ್ಜಿಗೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಹೇಳಿದೆ. ಆ ರೀಲು ತೊಳೆದಾಗ ಎಂಟರಲ್ಲೂ ಅಜ್ಜಿಯ ಬಲಗೈ ಮೇಲೆದ್ದಿತ್ತು, ಕಣ್ಣು ಮುಚ್ಚಿತ್ತು. "ನೀನು ನನ್ನ ಮುಂದೆ ನಿಂತು ಅಷ್ಟು ಭಕ್ತಿಯಾಗಿ ತಲೆ ಬಗ್ಗಿಸ್ತೀಯ. ಮೊಮ್ಮಗಳ ಗಂಡ. ಒಳ್ಳೇದಾಗ್ಲಿ ಅಂತ ಒಂದು ಮಾತು ಅಂದ್ಕಬ್ಯಾಡ್ವಾ?" ಎಂದರು ಅಜ್ಜಿ. ಅದನ್ನು ಅವರು ಕಣ್ಣು ಮುಚ್ಚಿಕೊಂಡೇ ಅಂದುಕೊಳ್ಳುತ್ತಿದ್ದರು. ಡಬ್ಬಿಯ ಕಿಂಡಿಯಲ್ಲಿ ಇದ್ಯಾವುದೂ ನನಗೆ ಕಾಣುತ್ತಿರಲಿಲ್ಲ.

ನನ್ನ ಹೆಂಡತಿ, "ಸ್ಟುಡಿಯೋದವರನ್ನೇ ಕರೆಸ್ತೀನಿ ಬಿಡಿ. ಫ್ಲಾಶ್ ಹೊಡೆದು ಎರಡು ನಿಮಿಷದಲ್ಲಿ ತೆಗೀತಾರೆ," ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸೋಪಿನ ಡಬ್ಬಿಯಂಥ ಪ್ಲಾಸ್ಟಿಕ್ ಕ್ಯಾಮೆರಾದಲ್ಲಿ ಅಜ್ಜಿಯ ಮುಖಕ್ಕೆ ಬೆಳಕು ರಾಚಿಸುವುದೇ? ಸಹಜ ಬೆಳಕು ಎಂದರೇನು, ದೊಡ್ಡ ನೆಗೆಟಿವ್ ಎಂದರೇನು, ಮುಖದ ಸುಕ್ಕು ಸುಕ್ಕಿನಲ್ಲೂ ಇರುವ ಸತ್ಯ ಎಂದರೇನು ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಅವಳು ಅವರೆಕಾಳು ಸುಲಿಯುತ್ತಾ ಎಲ್ಲ ಕೇಳಿಸಿಕೊಂಡು, "ನಿಮಗೆ ಅಜ್ಜಿ ಫೋಟೋ ಬೇಕಾ, ನಿಮ್ಮ ಡಬ್ಬಿ ಗೆಲ್ಲಬೇಕಾ?" ಎಂದಳು. ನನ್ನ ಮನೆಯಲ್ಲೇ ನನ್ನ ಕಲೆಗೆ ಬೆಲೆಯಿಲ್ಲ ಎಂದು ಹೇಳಿ ಎದ್ದುಹೋದೆ. ಸ್ಟುಡಿಯೋದವರನ್ನು ಕರೆಸಿದರೆ ನಾನು ಆ ಮನೆಗೆ ಕಾಲಿಡುವುದಿಲ್ಲ ಎಂದೂ ಸೇರಿಸಿದ್ದೆ. ಹಾಗಾಗಿ ಯಾರೂ ಕರೆಸಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಡಬ್ಬಿಗೆ ಆಗುವ ರೀಲು ಸಿಗುವುದೇ ಕಷ್ಟವಾಗಿತ್ತು. ಸ್ಟುಡಿಯೋದಲ್ಲೂ ಕಂಪ್ಯೂಟರು ಬಂದಿತ್ತು. ಬೆಂಗಳೂರಿನಿಂದ ತರಿಸಿಕೊಡಿ ಎಂದು ತಿಂಗಳುಗಟ್ಟಲೆ ದುಂಬಾಲು ಬಿದ್ದಿದ್ದೆ. ಈ ಮಧ್ಯೆ ನಾನು ಹೋದಾಗಲೆಲ್ಲ ಅಜ್ಜಿ, "ರೀಲು ಬಂತೇನಪ್ಪಾ?" ಎಂದು ಕೇಳುತ್ತಿದ್ದರು. ಒಮ್ಮೆ ಅಭ್ಯಾಸ ಮಾಡಿದ್ದೇನೆ ಎಂದು ಕಣ್ಣು ಅಗಲಿಸಿಕೊಂಡು ಕೂತು ತೋರಿಸಿದರಂತೆ, ನೀರು ಸುರಿಯುವ ತನಕ. ಅದನ್ನು ನನ್ನ ಹೆಂಡತಿ ನೋಡಿ ನಕ್ಕು, ನನಗೆ ಬಂದು ಹೇಳಿದಳು. ನಾನು ಆಗ ಬೇಲೂರಿನ ನೆಗೆಟಿವ್‌ಗಳನ್ನು ಕವರಿಗೆ ಹಾಕುತ್ತಿದ್ದೆ.

ಕೊನೆಗೂ ಒಂದು ರೀಲು ಬಂತು. "ಇದೇ ಲಾಸ್ಟು ಸಾರ್, ಇನ್ಮೇಲೆ ಕೇಳ್ಬೇಡಿ," ಎಂದು ಸ್ಟುಡಿಯೋದವರು ಕೈಗಿಟ್ಟರು. ಈ ಸಲ ನನ್ನ ಹತ್ತಿರ ನಿಜವಾಗಿಯೂ ಒಳ್ಳೆಯ ಉಪಾಯವಿತ್ತು. ಅಜ್ಜಿ ಬೆಳಿಗ್ಗೆ ಜಗಲಿಯಲ್ಲಿ ಕೂತು ತರಕಾರಿಯವಳ ಹತ್ತಿರ ಜಗಳ ಆಡುತ್ತಾರೆ. ಆಗ ಅವರು ಯಾರಿಗೂ ಕೈ ಮುಗಿಯುವುದಿಲ್ಲ, ಯಾರಿಗೂ ಆಶೀರ್ವಾದ ಮಾಡುವುದಿಲ್ಲ, ಕಣ್ಣಂತೂ ಚೆನ್ನಾಗಿ ಬಿಟ್ಟಿರುತ್ತಾರೆ. ಡಬ್ಬಿಯನ್ನು ಎದುರು ಕಟ್ಟೆಯ ಮೇಲೆ ಇಟ್ಟು, ಬೇರೆ ಕಡೆ ನೋಡುತ್ತಾ ಕಡ್ಡಿ ಒತ್ತಿದರೆ ಆಯಿತು.

ಸೋಮವಾರ ಬೆಳಿಗ್ಗೆಗೆ ಅದು ಎಂದು ಗೊತ್ತುಮಾಡಿಕೊಂಡೆ. ರೀಲು ಸಿಕ್ಕಿದ್ದು ಶನಿವಾರ. ನಡುವೆ ಭಾನುವಾರವಿತ್ತು. ಐದು ಹಳೇಬೀಡಿಗೆ, ಮೂರು ಅಜ್ಜಿಗೆ ಎಂದು ಹಂಚಿಕೊಂಡು ಬಸ್ಸು ಹತ್ತಿದೆ.

ಚಳಿಗಾಲದ ಇಳಿಬಿಸಿಲು. ಗುಡಿಯ ಗೋಡೆಯ ಆನೆಗಳ ಸಾಲಿನ ಮೇಲೆ ಬೆಳಕು ಓರೆಯಾಗಿ ಬಿದ್ದು ಒಂದೊಂದು ಸೊಂಡಿಲೂ ಎದ್ದು ಬರುವಂತಿತ್ತು. ಐದು ಮುಗಿಯಿತು. ಅಜ್ಜಿಗೆ ಎರಡು ಸಾಕು ಎಂದು ಆರನೆಯದನ್ನು ಒತ್ತಿದೆ. ಒಂದು ಸಾಕು ಎಂದು ಏಳನೆಯದನ್ನೂ ಒತ್ತಿದೆ. ಎಂಟನೆಯ ಹೊತ್ತಿಗೆ ಬಿಸಿಲು ದೊಡ್ಡ ನಂದಿಯ ಮುಖದ ಮೇಲೆ ಬಂತು. ಡಬ್ಬಿಯ ಬೆನ್ನಿನ ಕೆಂಪು ಕಿಂಡಿಯಲ್ಲಿ ಎಂಟು ಎಂಬ ಅಂಕಿ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಅಜ್ಜಿಯನ್ನು ಮರೆತಿದ್ದೆ ಎಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಮರೆತಿರಲಿಲ್ಲ. ಇನ್ನೊಂದು ರೀಲು ಎಲ್ಲಾದರೂ ಸಿಗುತ್ತದೆ, ಅಜ್ಜಿ ಎಲ್ಲಿಗೆ ಹೋಗುತ್ತಾರೆ ಎಂದು ಯೋಚಿಸಿಯೇ ಒತ್ತಿದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಆ ಎಂಟು ಫೋಟೋಗಳೂ, ಬೂದಿಯ ಮಸುಕೂ ಇಲ್ಲದೆ, ಬಹಳ ಚೆನ್ನಾಗಿ ಬಂದವು.

"ರೀಲು ಬಂತೇನಪ್ಪಾ?" ಎಂದು ಅಜ್ಜಿ ಮತ್ತೆ ಕೇಳಿದರು. "ಇನ್ನೂ ಇಲ್ಲ ಅಜ್ಜಿ," ಎಂದೆ. ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ, ಗೋಡೆಗೆ ಒರಗಿ ಕೂತವರು ಹಾಗೇ ಹೋಗಿಬಿಟ್ಟರು.

ಕೂರಿಸಿ ಅಲಂಕಾರ ಮಾಡಿದ ಮೇಲೆ ಪದ್ಧತಿಯಂತೆ ಸ್ಟುಡಿಯೋದವರು ಬಂದು ಫೋಟೋ ತೆಗೆದರು. ಕಾಲಿಡುವುದಿಲ್ಲ ಎಂದಿದ್ದ ನಾನು ಅಲ್ಲೇ ಮೂಲೆಯಲ್ಲಿ ನಿಂತಿದ್ದೆ. ನನ್ನ ಹೆಂಡತಿ ಅತ್ತು ಕೆಂಪಾದ ಮುಖದಲ್ಲಿ ನನ್ನ ಹತ್ತಿರ ಬಂದು, "ಅದು ಗೋಡೆಗೆ ಬೇಡ. ಅಜ್ಜಿ ಕೇಳಿದ್ದು ಅದಲ್ಲ. ಏನಾದ್ರೂ ಮಾಡಿ," ಎಂದಳು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ತಿರುಗಿಸಿ ಅನ್ನಬಹುದಿತ್ತು.

ಮೊದಲನೆಯ ರೀಲಿನಲ್ಲಿ ಒಂದು ಫೋಟೋದಲ್ಲಿ ಅಜ್ಜಿಯ ಮುಖ ನೇರವಾಗಿತ್ತು. ಅದರ ನೆಗೆಟಿವ್ ತೆಗೆದುಕೊಂಡು ಸ್ಟುಡಿಯೋಗೆ ಹೋದೆ. ಸ್ಟುಡಿಯೋದವರು ಅದನ್ನು ಕಂಪ್ಯೂಟರಿಗೆ ಏರಿಸಿ, ಮುಗಿದ ಕೈಗಳನ್ನು ಕತ್ತರಿಸಿ ಹಾಕಿ, "ಕಣ್ಣು ಬಿಡಿಸೋದು ಏನ್ ಮಹಾ ಸಾರ್," ಎಂದು ಒಂದು ಫೋಲ್ಡರ್ ತೆರೆದರು. ಪರದೆಯ ತುಂಬ ಜೋಡಿ ಜೋಡಿ ಕಣ್ಣುಗಳು. ಗಂಡಸರದ್ದು, ಹೆಂಗಸರದ್ದು, ವಯಸ್ಸಾದವರದ್ದು ಬೇರೆ. "ಇದು ಹಾಕಲಾ? ಇದು ಸ್ವಲ್ಪ ಕಳೆಯಾಗಿದೆ." ಯಾರ ಕಣ್ಣು ಇವು ಎಂದು ಕೇಳಿದೆ. "ಗೊತ್ತಿಲ್ಲ ಸಾರ್, ಸಿ.ಡಿ.ಯಲ್ಲಿ ಬಂದಿದ್ದು." ಹತ್ತು ನಿಮಿಷದಲ್ಲಿ ಅಜ್ಜಿ ಕಣ್ಣು ಬಿಟ್ಟರು.

ಹನ್ನೊಂದನೆಯ ದಿನ ಕಟ್ಟು ಹಾಕಿಸಿದ ಫೋಟೋವನ್ನು ಹಜಾರದಲ್ಲಿ ಇಟ್ಟೆವು. ಮಠದಿಂದ ಬಂದಿದ್ದ ಸ್ವಾಮಿಗಳು, "ಎದ್ದು ಮಾತಾಡೋ ಹಂಗೈತಲ್ಲ!" ಎಂದರು. ಅಳಿಯಂದಿರು ತೆಗೆದದ್ದು ಎಂದು ಯಾರೋ ಹೇಳಿದರು. ಬಂದವರೆಲ್ಲ ನನ್ನ ಕಡೆ ತಿರುಗಿದರು. ನಾನು ಏನು ಮಾಡಬೇಕಿತ್ತು? ಹಳೇ ಡಬ್ಬಿ ಕ್ಯಾಮೆರಾ, ದೊಡ್ಡ ನೆಗೆಟಿವ್, ಸಹಜ ಬೆಳಕು ಎಂದು ಶುರುಮಾಡಿದೆ. ಪಂಕ್ತಿಗೆ ಎಲೆ ಹಾಕುವ ತನಕ ಮಾತಾಡಿದೆ. ನನ್ನ ಹೆಂಡತಿ ಬಡಿಸುತ್ತಾ ನನ್ನ ಎಲೆಗೂ ಬಂದಳು, ಬಡಿಸಿದಳು, ಮುಂದೆ ಹೋದಳು.

ಗೋಡೆಯ ಎಂಟು ಜನರಲ್ಲಿ ಈಗ ಅಜ್ಜಿ ಒಬ್ಬರೇ ಕಣ್ಣು ಬಿಟ್ಟವರು. ನಾಲ್ಕು ವರ್ಷದ ಮೇಲೆ ನನ್ನ ಹೆಂಡತಿಯ ತಮ್ಮನಿಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕುವ ದಿನ ನಮ್ಮತ್ತೆ ಮಗುವನ್ನು ಎತ್ತಿಕೊಂಡು ಬಂದು ಆ ಫೋಟೋದ ಕೆಳಗೆ ನಿಂತರು. ಒಮ್ಮೆ ಮಗುವನ್ನು, ಒಮ್ಮೆ ಫೋಟೋವನ್ನು ನೋಡಿದರು. "ನೋಡ್ರೇ, ನಮ್ಮತ್ತೆ ಕಣ್ಣೇ ಬಂದೈತೆ ಕೂಸಿಗೆ! ಅದೇ ಅಗಲ, ಅದೇ ಕಳೆ!" ಎಂದರು. ನಲವತ್ತು ವರ್ಷ ಅಜ್ಜಿಯ ಜೊತೆ ಒಂದೇ ಅಡುಗೆಮನೆಯಲ್ಲಿದ್ದವರು ಅವರು. ಹೆಂಗಸರೆಲ್ಲ ಸುತ್ತ ಸೇರಿ, ಹೌದು ಹೌದು, ಎರಕ ಹೊಯ್ದ ಹಾಗಿದೆ ಎಂದರು. ಅತ್ತೆ ನನ್ನ ಕಡೆ ತಿರುಗಿ, "ನೀವು ಹೇಳ್ರಿ, ನೀವೇ ತಾನೇ ಹಿಡಿದಿದ್ದು? ಅದೇ ಕಣ್ಣಲ್ವಾ?" ಎಂದು ಕೇಳಿದರು.

ಇಲ್ಲ, ಅಜ್ಜಿಯ ಕಣ್ಣು ಹೀಗಿರಲಿಲ್ಲ, ಹಾಗಿತ್ತು ಎಂದು ಮನಸ್ಸಿನಲ್ಲಾದರೂ ಹೇಳಿಕೊಳ್ಳೋಣವೆಂದು ನೆನಪು ಮಾಡಿಕೊಂಡೆ. ಚಿಕ್ಕದಿತ್ತೋ, ದೊಡ್ಡದಿತ್ತೋ, ಕಪ್ಪೋ, ಕಂದೋ, ಒಂದೂ ನೆನಪಾಗಲಿಲ್ಲ. ಅಜ್ಜಿಯ ಮುಂದೆ ನಿಂತಾಗಲೆಲ್ಲ ನಾನು ತಲೆ ಬಗ್ಗಿಸಿ ಡಬ್ಬಿಯನ್ನು ನೋಡುತ್ತಿದ್ದೆ.

"ಹೌದು ಅತ್ತೆ, ಅದೇ ಕಣ್ಣು," ಎಂದೆ. ನನ್ನ ಹೆಂಡತಿ ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡು ಒಳಗೆ ಹೋದಳು.